ಒಂಬತ್ತನೇ ಗ್ರಹ ಲೆಕ್ಕದಲ್ಲಿ ಉಂಟು, ಆಕಾಶದಲ್ಲಿ ಯಾಕೆ ಸಿಗುತ್ತಿಲ್ಲ?

ಕದ್ರಿ ಟೀಚರ್ · 11 ಡಿಸೆಂಬರ್ 2025, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೇ ಕ್ಲಾಸಿನವರನ್ನು ಪಿಲಿಕುಳದ ತಾರಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗಿ ನನ್ನ ಪಕ್ಕ ಬಂದು ಕೂತಳು. "ಟೀಚರ್, ಒಂಬತ್ತನೇ ಗ್ರಹ ಉಂಟು ಅಂತ 2016ರಲ್ಲೇ ಹೇಳಿದ್ದಾರಂತೆ. ಎಷ್ಟು ದೂರ, ಎಷ್ಟು ತೂಕ ಎಲ್ಲ ಲೆಕ್ಕ ಹಾಕಿದ್ದಾರಂತೆ. ಮತ್ತೆ ಯಾಕೆ ಯಾರೂ ನೋಡಿಲ್ಲ?" ಅಂತ ಕೇಳಿದಳು.

ತುಂಬ ದೂರ, ತುಂಬ ಮಂಕು ಅಂತ ಹೇಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ. "ನೆಪ್ಚೂನನ್ನು ಲೆಕ್ಕ ಹಾಕಿ ಒಂದೇ ರಾತ್ರಿಯಲ್ಲಿ ಹಿಡಿದರು ಅಂತ ನೀವೇ ಪಾಠ ಮಾಡಿದ್ದೀರಿ. ಆಗ ಕಂಪ್ಯೂಟರೂ ಇರಲಿಲ್ಲ. ಈಗ ಹತ್ತು ವರ್ಷ ಆಗುತ್ತಾ ಬಂತು, ಯಾಕೆ ಆಗುವುದಿಲ್ಲ?" ಅಂದಳು.

ಪ್ರಶ್ನೆ ಸರಿಯಾಗಿಯೇ ಉಂಟು, ಅಲ್ವಾ? ಸೋಮವಾರ ಕ್ಲಾಸಿನಲ್ಲಿ ಉತ್ತರ ಹೇಳುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಸುಮ್ನೆ ಬಾಯಿ ಮುಚ್ಚಿಸುವ ಉತ್ತರ ಬೇಡ.

ಪಡುಬಿದ್ರಿ ಗಾಳಿ · ರಾತ್ರಿ 9:31

ಇಲ್ಲದ್ದು ಹೇಗೆ ಕಾಣುತ್ತದೆ ಟೀಚರೇ? ನನ್ನ ಪ್ರಕಾರ ಉತ್ತರ ಅಷ್ಟೇ.

ಮಣಿಪಾಲ ಹಾಸ್ಟೆಲ್ · ರಾತ್ರಿ 9:48

ಪಡುಬಿದ್ರಿಯವರೇ, ಅಷ್ಟು ಬೇಗ ಇಲ್ಲ ಅನ್ನಬೇಡಿ. ಮೊದಲು ಯಾಕೆ ಉಂಟು ಅಂದರು ಅಂತ ನೋಡುವ.

ನೆಪ್ಚೂನಿನ ಆಚೆ ಸಣ್ಣ ಸಣ್ಣ ಮಂಜುಗಡ್ಡೆಯ ಕಾಯಗಳು ರಾಶಿ ಉಂಟು. ಅವುಗಳಲ್ಲಿ ಕೆಲವದರ ಕಕ್ಷೆ ತುಂಬ ಉದ್ದ. 2003ರಲ್ಲಿ ಸಿಕ್ಕಿದ ಸೆಡ್ನಾ ಸೂರ್ಯನನ್ನು ಒಂದು ಸುತ್ತು ಹಾಕಲು 11 ಸಾವಿರ ವರ್ಷಕ್ಕಿಂತ ಜಾಸ್ತಿ ತೆಗೆದುಕೊಳ್ಳುತ್ತದೆ. 2014ರಲ್ಲಿ ಟ್ರುಹಿಯೊ ಮತ್ತು ಶೆಪರ್ಡ್ ಎಂಬ ಖಗೋಳಜ್ಞರು ಅಂತಹ ಇನ್ನೊಂದು ಕಾಯವನ್ನು ಪ್ರಕಟಿಸಿದರು. ಈ ಕಕ್ಷೆಗಳಲ್ಲಿ ಏನೋ ಹೊಂದಾಣಿಕೆ ಉಂಟು, ಆಚೆ ದೊಡ್ಡ ಗ್ರಹ ಇರಬಹುದು ಅಂತ ಅವರೇ ಮೊದಲು ಹೇಳಿದ್ದು. 2016ರ ಜನವರಿಯಲ್ಲಿ ಕ್ಯಾಲ್‌ಟೆಕ್‌ನ ಮೈಕ್ ಬ್ರೌನ್ ಮತ್ತು ಕಾನ್‌ಸ್ಟಾಂಟಿನ್ ಬಟೀಗಿನ್ ಆರು ಕಾಯಗಳನ್ನು ತೆಗೆದುಕೊಂಡು ನೋಡಿದರು. ಆರೂ ಕಕ್ಷೆ ಒಂದೇ ದಿಕ್ಕಿಗೆ ಚಾಚಿಕೊಂಡಿತ್ತು, ಒಂದೇ ರೀತಿ ವಾಲಿಕೊಂಡಿತ್ತು. ಇದು ಆಕಸ್ಮಿಕ ಆಗಿರುವ ಸಾಧ್ಯತೆ ಶೇ 0.007 ಅಂತ ಅವರ ಲೆಕ್ಕ.

ಸುಮ್ನೆ ಬಿಟ್ಟರೆ ಆ ಕಕ್ಷೆಗಳು ಹಾಗೆ ಒಟ್ಟಿಗೆ ಇರುವುದಿಲ್ಲ. ಗುರು, ಶನಿ, ನೆಪ್ಚೂನ್ ಎಳೆತಕ್ಕೆ ಒಂದೊಂದೂ ಒಂದೊಂದು ವೇಗದಲ್ಲಿ ತಿರುಗುತ್ತಾ ಹೋಗಿ ಚದುರಬೇಕು. ಚದುರಿಲ್ಲ ಅಂದರೆ ಯಾವುದೋ ಒಂದು ಹಿಡಿದಿಟ್ಟಿದೆ.

ಮಲ್ಪೆ ಬಂದರು · ರಾತ್ರಿ 10:02

ಇದು ನಮಗೆ ಅರ್ಥ ಆಗುವ ಮಾತು. ಲಂಗರು ಹಾಕಿದ ಹತ್ತು ಬೋಟು ಒಂದೇ ಕಡೆ ಮೂತಿ ಮಾಡಿ ನಿಂತಿದ್ದರೆ ನೀರಿನ ಸೆಳೆತ ಯಾವ ಕಡೆಯಿಂದ ಅಂತ ದಡದಲ್ಲಿ ನಿಂತೇ ಹೇಳಬಹುದು. ಸೆಳೆತ ಕಣ್ಣಿಗೆ ಕಾಣಬೇಕು ಅಂತ ಇಲ್ಲ.

ಸುರತ್ಕಲ್ ಮಾಸ್ಟ್ರು · ರಾತ್ರಿ 10:25

ಕದ್ರಿ ಟೀಚರಿಗೆ ನೇರ ಉತ್ತರ ಕೊಡುತ್ತೇನೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತ ಆದವನು. ನಿಮ್ಮ ಹುಡುಗಿ ನೆಪ್ಚೂನಿನ ಹೋಲಿಕೆ ಕೊಟ್ಟಳಲ್ಲ, ಉತ್ತರ ಅಲ್ಲೇ ಉಂಟು.

ಯುರೇನಸ್ಸನ್ನು ವಿಲಿಯಂ ಹರ್ಷೆಲ್ 1781ರಲ್ಲಿ ಕಂಡರು. ಅದು ಸೂರ್ಯನನ್ನು 84 ವರ್ಷಕ್ಕೆ ಒಮ್ಮೆ ಸುತ್ತುತ್ತದೆ. 1846ರ ಹೊತ್ತಿಗೆ ಅದರ ಓಡಾಟವನ್ನು 65 ವರ್ಷ ನೋಡಿ ಬರೆದಿಟ್ಟಿದ್ದರು. ಅದಕ್ಕೆ ಮುಂಚೆ ನಕ್ಷತ್ರ ಅಂತ ತಪ್ಪಾಗಿ ಗುರುತು ಹಾಕಿದ ದಾಖಲೆ 1690ರಿಂದಲೇ ಇತ್ತು. ಅಂದರೆ ಒಂದು ಸುತ್ತಿಗಿಂತ ಹೆಚ್ಚಿನ ಲೆಕ್ಕ ಕೈಯಲ್ಲಿತ್ತು. ಯಾವ ವರ್ಷ ಎಷ್ಟು ಮುಂದೆ ಹೋಯಿತು, ಎಷ್ಟು ಹಿಂದೆ ಬಿತ್ತು ಅಂತ ಗೊತ್ತಿದ್ದರಿಂದ ಎಳೆಯುವವನು ಈಗ ಎಲ್ಲಿದ್ದಾನೆ ಅಂತ ಫ್ರಾನ್ಸಿನ ಗಣಿತಜ್ಞ ಲೆವೆರಿಯೆಗೆ ಹೇಳಲು ಆಯಿತು. 1846ರ ಸೆಪ್ಟೆಂಬರ್ 23ರಂದು ಬರ್ಲಿನ್‌ನಲ್ಲಿ ಗಾಲೆ ಟೆಲಿಸ್ಕೋಪು ತಿರುಗಿಸಿದರು. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ಗ್ರಹ ಸಿಕ್ಕಿತು.

ಈಗ ಸೆಡ್ನಾ ನೋಡಿ. 11 ಸಾವಿರ ವರ್ಷದ ಸುತ್ತಿನಲ್ಲಿ ನಾವು ಅದನ್ನು ಬೆನ್ನು ಹತ್ತಿರುವುದು 22 ವರ್ಷ. ಕಾಲು ಶೇಕಡಾ ಕೂಡ ಅಲ್ಲ. ಇಷ್ಟರಲ್ಲಿ ಎಳೆಯುವ ಗ್ರಹದ ದಾರಿ ಅಂದಾಜು ಮಾಡಬಹುದು. ಆ ದಾರಿಯಲ್ಲಿ ಅದು ಇವತ್ತು ಎಲ್ಲಿ ಉಂಟು ಅಂತ ಹೇಳಲು ಆಗುವುದಿಲ್ಲ. ಮಂಗಳೂರು–ಕುಂದಾಪುರ ರೂಟಿನ ಬಸ್ಸು ಅಂತ ಗೊತ್ತು. ಈಗ ಮುಲ್ಕಿಯಲ್ಲಿ ಉಂಟಾ, ಬ್ರಹ್ಮಾವರದಲ್ಲಿ ಉಂಟಾ ಅಂತ ಗೊತ್ತಿಲ್ಲ. ರೂಟು ಇಡೀ ಹುಡುಕಬೇಕು.

ಕದ್ರಿ ಟೀಚರ್ · ರಾತ್ರಿ 10:33

ಮಾಸ್ಟ್ರೇ, ತುಂಬ ಉಪಕಾರ. ಬಸ್ಸಿನ ಉದಾಹರಣೆ ನಾಳೆಯಿಂದಲೇ ನನ್ನದು.

ಪಡುಬಿದ್ರಿ ಗಾಳಿ · ರಾತ್ರಿ 10:40

ರೂಟು ಸರಿ ಇದ್ದರೆ ತಾನೇ? ಆರು ಕಾಯ ನೋಡಿ ರೂಟು ಹೇಳುವುದು ನನಗೆ ಒಪ್ಪಿಗೆ ಇಲ್ಲ. 2016ರಲ್ಲಿ ಭೂಮಿಯ ಹತ್ತು ಪಟ್ಟು ತೂಕ, ದೂರ 700 ಖಗೋಳಮಾನ (ಭೂಮಿ–ಸೂರ್ಯನ ದೂರದ 700 ಪಟ್ಟು) ಅಂದರು. 2021ರಲ್ಲಿ ಅವರೇ ಆರು ಪಟ್ಟು, 380 ಖಗೋಳಮಾನ ಅಂದರು. ಗ್ರಹ ಹೀಗೆ ಬದಲಾಗುತ್ತದಾ?

ಮಣಿಪಾಲ ಹಾಸ್ಟೆಲ್ · ರಾತ್ರಿ 10:52

ಗ್ರಹ ಬದಲಾಗಲಿಲ್ಲ, ಅಂದಾಜು ಬದಲಾಯಿತು. ಹೊಸ ಕಾಯ ಸಿಕ್ಕಿದ ಹಾಗೆ ಲೆಕ್ಕ ತಿದ್ದಿದರು. ತಿದ್ದುವುದು ಒಳ್ಳೆಯದೇ ಅಲ್ವಾ?

ಮಲ್ಪೆ ಬಂದರು · 12 ಡಿಸೆಂಬರ್, ಬೆಳಿಗ್ಗೆ 6:10

ರಾತ್ರಿ ಬೋಟಿನ ಮಾತು ಹೇಳಿದವನು ನಾನೇ. ಆದರೆ ಮಲಗಿದ ಮೇಲೆ ಒಂದು ಸಂಶಯ ಬಂತು. ಅಣ್ಣನದ್ದು ಪರ್ಸೀನ್ ಬೋಟು. ನಾವು ಬಲೆ ಹಾಕುವುದು ಎಲ್ಲಿ? ಡೀಸೆಲ್ ಎಷ್ಟು ಉಂಟು, ಗಾಳಿ ಹೇಗೆ ಉಂಟು, ಅಡಿಯಲ್ಲಿ ಕಲ್ಲು ಇಲ್ಲದ ಜಾಗ ಯಾವುದು ಅಂತ ನೋಡಿ ಹಾಕುತ್ತೇವೆ. ಬಂಗುಡೆ ಅಲ್ಲಿ ಸಿಗುತ್ತದೆ. ಹಾಗಂತ ಬಂಗುಡೆ ಅಲ್ಲಿ ಮಾತ್ರ ಇರುತ್ತದೆ ಅಂತ ಹೇಳಬಹುದಾ? ಬಲೆ ಹಾಕದ ಕಡೆ ಎಷ್ಟು ಉಂಟು ಅಂತ ಯಾರಿಗೆ ಗೊತ್ತು?

ಟೆಲಿಸ್ಕೋಪಿನವರೂ ಹಾಗೇ ಅಲ್ವಾ? ಯಾವ ಕಡೆ ನೋಡಿದರೋ ಆ ಕಡೆ ಸಿಕ್ಕಿತು. ಎಲ್ಲ ಒಂದೇ ದಿಕ್ಕಿನಲ್ಲಿ ಉಂಟು ಅಂದರು.

ಸುರತ್ಕಲ್ ಮಾಸ್ಟ್ರು · ಬೆಳಿಗ್ಗೆ 7:45

ಮಲ್ಪೆಯವರೇ, ನೀವು ಹೇಳಿದ್ದೇ ಈ ವಿಷಯದ ದೊಡ್ಡ ಜಗಳ. ಸುಮ್ನೆ ಹೊಗಳುತ್ತಿಲ್ಲ.

ಆ ಕಾಯಗಳು ಸೂರ್ಯನ ಹತ್ತಿರ ಬಂದಾಗ ಮಾತ್ರ ಕಾಣುತ್ತವೆ. ಉಳಿದ ಸಾವಿರಾರು ವರ್ಷ ಮಂಕಾಗಿ ಎಲ್ಲೋ ದೂರ ಇರುತ್ತವೆ. ಆಕಾಶಗಂಗೆ ದಾಟುವ ಕಡೆ ನಕ್ಷತ್ರಗಳ ಗಿಜಿಗಿಜಿ, ಅಲ್ಲಿ ಹುಡುಕುವುದನ್ನು ಬಿಟ್ಟುಬಿಡುತ್ತಾರೆ. ಮಳೆ, ಹಿಮ ಬರುವ ತಿಂಗಳಲ್ಲಿ ಟೆಲಿಸ್ಕೋಪು ಮುಚ್ಚಿರುತ್ತದೆ. ಹಾಗಾಗಿ ಆಕಾಶದ ಕೆಲವು ಭಾಗಕ್ಕೆ ಬಲೆ ಬೀಳುವುದೇ ಕಮ್ಮಿ. 2017ರಲ್ಲಿ ಓಸೋಸ್ ಎಂಬ ಸಮೀಕ್ಷೆಯವರು ತಾವು ಎಲ್ಲಿ ಎಷ್ಟು ನೋಡಿದೆವು ಅನ್ನುವ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದರು. ತಮಗೆ ಸಿಕ್ಕಿದ ಕಾಯಗಳು ಒಂದೇ ಕಡೆ ಗುಂಪಾಗಿವೆ ಅನ್ನಲು ಆಧಾರ ಸಿಗಲಿಲ್ಲ ಅಂದರು. 2021ರಲ್ಲಿ ನೇಪಿಯರ್ ಮತ್ತು ಜೊತೆಯವರು ಮೂರು ಸಮೀಕ್ಷೆಗಳ 14 ಕಾಯ ಸೇರಿಸಿ ನೋಡಿದರು. ಎಲ್ಲ ಕಡೆ ಸಮವಾಗಿ ಹರಡಿದ್ದರೂ ಇದೇ ತರಹ ಕಾಣಬಹುದು ಅಂತ ಅವರ ತೀರ್ಮಾನ.

ಪಡುಬಿದ್ರಿ ಗಾಳಿ · ಬೆಳಿಗ್ಗೆ 7:58

ನಾನು ನಿನ್ನೆಯಿಂದ ಹೇಳುತ್ತಿರುವುದು ಇದನ್ನೇ.

ಮಣಿಪಾಲ ಹಾಸ್ಟೆಲ್ · ಬೆಳಿಗ್ಗೆ 8:30

ಅಲ್ಲ ಅಣ್ಣ. "ಸಮವಾಗಿ ಹರಡಿದ್ದರೂ ಹೀಗೆ ಕಾಣಬಹುದು" ಅನ್ನುವುದು ಬೇರೆ, "ಸಮವಾಗಿಯೇ ಹರಡಿದೆ" ಅನ್ನುವುದು ಬೇರೆ. 14 ಕಾಯದಲ್ಲಿ ಎರಡಕ್ಕೂ ಜಾಗ ಉಂಟು. ಬ್ರೌನ್ ಮತ್ತು ಬಟೀಗಿನ್ ಕೂಡ ಬಲೆಯ ಲೆಕ್ಕ ಸೇರಿಸಿ ಮತ್ತೆ ಮಾಡಿದರು. ಆಕಸ್ಮಿಕದ ಸಾಧ್ಯತೆ ಶೇ 0.4 ಅಂತ ಬಂತು. 0.007ರಿಂದ 0.4ಕ್ಕೆ ಏರಿದೆ, ಒಪ್ಪುತ್ತೇನೆ. ಆದರೂ ಅದು ಸಣ್ಣ ಸಂಖ್ಯೆಯೇ.

ಕಾಪು ದೀಪಸ್ತಂಭ · ಬೆಳಿಗ್ಗೆ 9:15

ಹೊಸದಾಗಿ ಸಿಕ್ಕಿದ್ದೂ ಎರಡು ಕಡೆ ಎಳೆಯುತ್ತಿದೆ. ಈ ಮೇ ತಿಂಗಳಲ್ಲಿ 2017 ಓಎಫ್ 201 ಅಂತ ಒಂದು ಕಾಯ ಪ್ರಕಟವಾಯಿತು. ಒಂದು ಸುತ್ತಿಗೆ ಸುಮಾರು 25 ಸಾವಿರ ವರ್ಷ. ಅದರ ಕಕ್ಷೆ ಗುಂಪಿನ ಕಡೆ ಇಲ್ಲ, ಬೇರೆ ದಿಕ್ಕಿಗೆ ಉಂಟು. ಜುಲೈಯಲ್ಲಿ ಸುಬಾರು ಟೆಲಿಸ್ಕೋಪಿನವರು ಹೇಳಿದ ಇನ್ನೊಂದು ಕಾಯವೂ ಗುಂಪಿಗೆ ಸೇರುವುದಿಲ್ಲ. ನನಗೆ ಗ್ರಹ ಸಿಗಬೇಕು ಅಂತ ತುಂಬ ಆಸೆ ಉಂಟು. ಆದರೂ ಈ ವರ್ಷ ನಂಬಿಕೆ ಸ್ವಲ್ಪ ಅಲ್ಲಾಡಿದೆ.

ಬಂಟ್ವಾಳ ಪೇಟೆ · ಬೆಳಿಗ್ಗೆ 10:05

ಅದು ಭೂಮಿಗೆ ಢಿಕ್ಕಿ ಹೊಡೆಯುತ್ತದೆ ಅಂತ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ವಿಡಿಯೋ ಬಂದಿದೆ. ಅಮ್ಮ ಹೆದರಿ ಕೂತಿದ್ದಾರೆ. ನಿಜವಾ?

ಕಾಪು ದೀಪಸ್ತಂಭ · ಬೆಳಿಗ್ಗೆ 10:09

ಸುಳ್ಳು. 2021ರ ಲೆಕ್ಕದ ಪ್ರಕಾರ ಅದು ಸೂರ್ಯನಿಗೆ ಅತಿ ಹತ್ತಿರ ಬಂದಾಗಲೂ 300 ಖಗೋಳಮಾನ ದೂರ ಇರುತ್ತದೆ. ನೆಪ್ಚೂನಿಗಿಂತ ಹತ್ತು ಪಟ್ಟು ಆಚೆ. ಅಮ್ಮನಿಗೆ ನಿಶ್ಚಿಂತೆಯಿಂದ ಇರಲು ಹೇಳಿ.

ಬಂಟ್ವಾಳ ಪೇಟೆ · ಬೆಳಿಗ್ಗೆ 10:14

ಹೇಳಿದೆ. ಈಗ ಅಮ್ಮನ ಇನ್ನೊಂದು ಪ್ರಶ್ನೆ. ಇದು ಸಿಕ್ಕಿದರೆ ದೇವಸ್ಥಾನದ ನವಗ್ರಹಕ್ಕೆ ಸೇರುತ್ತದಾ?

ಉಡುಪಿ ರಥಬೀದಿ · ಬೆಳಿಗ್ಗೆ 10:40

ಇಲ್ಲ ಅಕ್ಕ. ನವಗ್ರಹದ ಲೆಕ್ಕವೇ ಬೇರೆ. ಅದರಲ್ಲಿ ಸೂರ್ಯ, ಚಂದ್ರ, ರಾಹು, ಕೇತು ಸೇರಿದ್ದಾರೆ. ಯುರೇನಸ್, ನೆಪ್ಚೂನ್ ಸಿಕ್ಕಿದ ಮೇಲೂ ಅವು ಸೇರಲಿಲ್ಲ. ಒಂದು ವಿಷಯ ಮಾತ್ರ ನನಗೆ ಯಾವಾಗಲೂ ಖುಷಿ ಕೊಡುತ್ತದೆ. ರಾಹು, ಕೇತು ಅಂದರೆ ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದುಗಳು. ಅಲ್ಲಿ ಹೋಗಿ ನೋಡಿದರೆ ಏನೂ ಇಲ್ಲ. ಆದರೆ ಗ್ರಹಣ ಆಗುವುದು ಸೂರ್ಯ ಆ ಬಿಂದುಗಳ ಹತ್ತಿರ ಇದ್ದಾಗ ಮಾತ್ರ. ಕಣ್ಣಿಗೆ ಕಾಣದ್ದನ್ನು ಲೆಕ್ಕದಿಂದ ಹಿಡಿಯುವುದು ನಮ್ಮ ಪಂಚಾಂಗದವರಿಗೂ ಹೊಸತಲ್ಲ.

ಬಂಟ್ವಾಳ ಪೇಟೆ · ಬೆಳಿಗ್ಗೆ 10:44

2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಾಯಿತು. ಮಂಗಳೂರಲ್ಲಿ ಬಳೆ ಹಾಗೆ ಕಂಡಿತ್ತು. ಆ ದಿನ ಹಕ್ಕಿಗಳೆಲ್ಲ ಸುಮ್ಮನಾಗಿದ್ದವು.

ಮಲ್ಪೆ ಬಂದರು · ಬೆಳಿಗ್ಗೆ 10:50

ನಾವು ಅವತ್ತು ಬೋಟಿನಲ್ಲಿದ್ದೆವು. ನೀರಿನ ಬಣ್ಣವೇ ಬದಲಾಗಿತ್ತು. ಮತ್ತೆ ಅಂತಹದ್ದು ನೋಡಿಲ್ಲ.

ನಿರ್ವಾಹಕಿ · ಬೆಳಿಗ್ಗೆ 11:00

ಗ್ರಹಣಕ್ಕೆ ಬೇರೆ ಚರ್ಚೆ ಶುರು ಮಾಡುವ. ಇಲ್ಲಿ ಟೀಚರ ಪ್ರಶ್ನೆಗೆ ಬನ್ನಿ, ಸೋಮವಾರ ಹತ್ತಿರ ಬಂತು.

ಪೆನ್ಷನ್ ಖಾತೆ · ಮಧ್ಯಾಹ್ನ 1:20

ನಾನು ಬ್ಯಾಂಕಿನಲ್ಲಿ 36 ವರ್ಷ ಕೆಲಸ ಮಾಡಿದವನು. ಖಗೋಳ ಓದುವುದು ನಿವೃತ್ತಿಯ ನಂತರ ಹಿಡಿದ ಹುಚ್ಚು. ಲೆಡ್ಜರ್ ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಸಂಜೆ ಟ್ಯಾಲಿ ಆಗದೆ ಮನೆಗೆ ಹೋಗುವ ಹಾಗಿರಲಿಲ್ಲ. ಎಷ್ಟೋ ರಾತ್ರಿ ಕೊನೆಯ ಬಸ್ಸು ತಪ್ಪಿದೆ. ವ್ಯತ್ಯಾಸ ಬಂದರೆ ಕಾರಣ ಮೂರರಲ್ಲಿ ಒಂದು. ಎಲ್ಲೋ ಒಂದು ವೋಚರು ತಪ್ಪಿಹೋಗಿರುತ್ತದೆ. ಅಥವಾ ಅಂಕಿ ತಪ್ಪಾಗಿ ಬರೆದಿರುತ್ತೇವೆ. ತುಂಬ ಅಪರೂಪಕ್ಕೆ ಲೆಕ್ಕ ಹಾಕುವ ಕ್ರಮವೇ ತಪ್ಪಿರುತ್ತದೆ.

ಗ್ರಹಗಳ ವಿಷಯದಲ್ಲಿ ಈ ಮೂರೂ ನಡೆದು ಹೋಗಿದೆ. ಯುರೇನಸ್ ಲೆಕ್ಕ ತಾಳೆ ಆಗಲಿಲ್ಲ, ಹುಡುಕಿದಾಗ ತಪ್ಪಿಹೋದ ವೋಚರು ಸಿಕ್ಕಿತು. ಅದು ನೆಪ್ಚೂನ್. ಬುಧನ ಲೆಕ್ಕವೂ ತಾಳೆ ಆಗಲಿಲ್ಲ. ಅದೇ ಲೆವೆರಿಯೆ ಮತ್ತೊಂದು ಗ್ರಹ ಇರಬೇಕು ಅಂದರು, ವಲ್ಕನ್ ಅಂತ ಹೆಸರೂ ಬಂತು. ಎಷ್ಟೋ ಜನ ಸೂರ್ಯನ ಪಕ್ಕದಲ್ಲಿ ಹುಡುಕಿದರು. ಅಲ್ಲಿ ಗ್ರಹ ಇರಲೇ ಇಲ್ಲ. ಶತಮಾನಕ್ಕೆ 43 ವಿಕಲೆಯ (ಒಂದು ಡಿಗ್ರಿಯಲ್ಲಿ 3600 ವಿಕಲೆ) ಆ ವ್ಯತ್ಯಾಸಕ್ಕೆ 1915ರಲ್ಲಿ ಐನ್‌ಸ್ಟೈನ್ ಉತ್ತರ ಕೊಟ್ಟರು. ಗುರುತ್ವದ ಲೆಕ್ಕ ಹಾಕುವ ಕ್ರಮವನ್ನೇ ತಿದ್ದಬೇಕಾಯಿತು.

ಮೂರನೆಯದು ಅಂಕಿ ತಪ್ಪಿದ್ದು. ಯುರೇನಸ್ ಲೆಕ್ಕದಲ್ಲಿ ಇನ್ನೂ ಸ್ವಲ್ಪ ವ್ಯತ್ಯಾಸ ಉಳಿದಿದೆ, ನೆಪ್ಚೂನಿನ ಆಚೆ ಇನ್ನೊಂದು ದೊಡ್ಡ ಗ್ರಹ ಉಂಟು ಅಂತ ಪರ್ಸಿವಲ್ ಲೋವೆಲ್ ಸಾಯುವ ತನಕ ಹುಡುಕಿದರು. ಅವರು ತೀರಿಕೊಂಡ ಮೇಲೆ ಅವರದ್ದೇ ವೀಕ್ಷಣಾಲಯದಲ್ಲಿ ಕ್ಲೈಡ್ ಟೊಂಬಾ 1930ರಲ್ಲಿ ಪ್ಲೂಟೊ ಕಂಡುಹಿಡಿದರು. ಲೋವೆಲ್ ಹೇಳಿದ ಜಾಗದ ಹತ್ತಿರವೇ ಇತ್ತು. ಆದರೆ ಪ್ಲೂಟೊ ತೂಕ ಭೂಮಿಯ ಐನೂರನೇ ಒಂದು ಭಾಗದಷ್ಟು, ಅದು ಯಾರನ್ನೂ ಎಳೆಯುವಷ್ಟು ದೊಡ್ಡದಲ್ಲ. 1989ರಲ್ಲಿ ವಾಯೇಜರ್ 2 ನೆಪ್ಚೂನಿನ ಪಕ್ಕ ಹಾದುಹೋದಾಗ ನೆಪ್ಚೂನಿನ ತೂಕವನ್ನೇ ಅರ್ಧ ಶೇಕಡಾ ಜಾಸ್ತಿ ಹಿಡಿದಿದ್ದೆವು ಅಂತ ಗೊತ್ತಾಯಿತು. 1993ರಲ್ಲಿ ಸ್ಟ್ಯಾಂಡಿಶ್ ಅದನ್ನು ತಿದ್ದಿ ಲೆಕ್ಕ ಹಾಕಿದರು. ವ್ಯತ್ಯಾಸ ಮಾಯ!

ಟೀಚರೇ, ಮಕ್ಕಳಿಗೆ ನೆಪ್ಚೂನ್ ಕಥೆ ಮಾತ್ರ ಹೇಳಬೇಡಿ. ಮೂರೂ ಹೇಳಿ. ಒಂಬತ್ತನೇ ಗ್ರಹ ಈ ಮೂರರಲ್ಲಿ ಯಾವುದು ಅಂತ ಇನ್ನೂ ತೀರ್ಮಾನ ಆಗಿಲ್ಲ, ಅದೇ ಈಗ ನಡೆಯುತ್ತಿರುವ ಕೆಲಸ.

ಸುರತ್ಕಲ್ ಮಾಸ್ಟ್ರು · ಮಧ್ಯಾಹ್ನ 1:41

ರಾಯರೇ, 30 ವರ್ಷ ಪಾಠ ಮಾಡಿದೆ, ಇಷ್ಟು ಚಂದ ಮಾಡಿ ಹೇಳಿರಲಿಲ್ಲ.

ಕದ್ರಿ ಟೀಚರ್ · ಮಧ್ಯಾಹ್ನ 2:05

ಊಟದ ಬಿಡುವಿನಲ್ಲಿ ಓದಿದೆ. ಕಣ್ಣು ತುಂಬಿ ಬಂತು. ವಲ್ಕನ್ ವಿಷಯ ನಾನು ಮಕ್ಕಳಿಗೆ ಒಮ್ಮೆಯೂ ಹೇಳಿಲ್ಲ. ಸಿಕ್ಕಿದ್ದನ್ನು ಮಾತ್ರ ಪಾಠ ಮಾಡುತ್ತಾ ಬಂದಿದ್ದೇನೆ. ಹುಡುಕಿದರೆ ಒಂದೇ ರಾತ್ರಿಯಲ್ಲಿ ಸಿಗಬೇಕು ಅಂತ ಆ ಹುಡುಗಿಗೆ ಅನಿಸಿದ್ದು ಅದಕ್ಕೇ ಇರಬೇಕು.

ಪಡುಬಿದ್ರಿ ಗಾಳಿ · ಮಧ್ಯಾಹ್ನ 2:30

ನಾನು ಇದು ಅಂಕಿ ತಪ್ಪಿದ ಕೇಸು ಅಂತ ಹೇಳುತ್ತೇನೆ. ಆದರೆ ಪೆನ್ಷನ್ ರಾಯರ ಮಾತು ಒಪ್ಪಿದೆ.

ಮಣಿಪಾಲ ಹಾಸ್ಟೆಲ್ · ಸಂಜೆ 5:15

"ದೂರ" ಅನ್ನುವುದನ್ನು ಮಕ್ಕಳಿಗೆ ಮುಟ್ಟಿಸಲು ಒಂದು ದಾರಿ ಉಂಟು. ಭೂಮಿ–ಸೂರ್ಯನ ದೂರ 15 ಕೋಟಿ ಕಿ.ಮೀ., ಅದೇ 1 ಖಗೋಳಮಾನ. ಅದನ್ನು 1 ಕಿ.ಮೀ. ಅಂತ ಇಟ್ಟುಕೊಳ್ಳಿ. ಸೂರ್ಯ ಮಂಗಳೂರಿನ ಹಂಪನಕಟ್ಟೆಯಲ್ಲಿ. ಅಲ್ಲಿಂದ ಹೆದ್ದಾರಿ ಹಿಡಿದು ಉಡುಪಿ ಕಡೆ ಹೊರಡಿ. ಹೆಚ್ಚು ಕಮ್ಮಿ ಗುರು ಕೊಟ್ಟಾರ ಚೌಕಿಯಲ್ಲಿ, ಶನಿ ಪಣಂಬೂರಿನಲ್ಲಿ, ಯುರೇನಸ್ ಮುಕ್ಕದಲ್ಲಿ, ನೆಪ್ಚೂನ್ ಮುಲ್ಕಿಯಲ್ಲಿ. ಪ್ಲೂಟೊ ಪಡುಬಿದ್ರಿ ದಾಟಿದ ಮೇಲೆ. ಸೆಡ್ನಾ ಹತ್ತಿರ ಬಂದಾಗ ಸಾಲಿಗ್ರಾಮದವರೆಗೆ ಬರುತ್ತದೆ, ವಾಪಸ್ ಹೋದರೆ ಮುಂಬಯಿ. ಒಂಬತ್ತನೇ ಗ್ರಹ 2021ರ ಲೆಕ್ಕದ ಪ್ರಕಾರ ಕಾರವಾರ ದಾಟಿ ಗೋವಾ ಗಡಿಯಿಂದ ಆಚೆ ಸಾವಂತವಾಡಿ, ಕುಡಾಲ್ ತನಕ ಎಲ್ಲೋ.

ಈ ಅಳತೆಯಲ್ಲಿ ಸೂರ್ಯ ಮೂರು ಮಹಡಿ ಎತ್ತರದ ಚೆಂಡು. ಭೂಮಿ ಒಂದು ಕಿತ್ತಳೆ. ಒಂಬತ್ತನೇ ಗ್ರಹ ಒಂದು ಬೊಂಡ (ಎಳನೀರಿನ ಕಾಯಿ). ಕುಡಾಲಿನಲ್ಲಿಟ್ಟ ಬೊಂಡವನ್ನು ಹಂಪನಕಟ್ಟೆಯ ದೀಪದ ಬೆಳಕಿನಲ್ಲಿ, ಹಂಪನಕಟ್ಟೆಯಲ್ಲೇ ನಿಂತು ನೋಡಬೇಕು.

ಬಂಟ್ವಾಳ ಪೇಟೆ · ಸಂಜೆ 5:22

ಈಗ ಅರ್ಥ ಆಯಿತು ಮಾರಾಯ್ರೇ.

ಸುರತ್ಕಲ್ ಮಾಸ್ಟ್ರು · ಸಂಜೆ 5:50

ಅದಕ್ಕೆ ಒಂದು ಮಾತು ಸೇರಿಸಿ. ಗ್ರಹಕ್ಕೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕು ಅಲ್ಲಿಗೆ ಹೋಗುವಾಗ ಒಮ್ಮೆ ತೆಳುವಾಗುತ್ತದೆ, ತಿರುಗಿ ನಮ್ಮ ಕಡೆ ಬರುವಾಗ ಇನ್ನೊಮ್ಮೆ ತೆಳುವಾಗುತ್ತದೆ. ದೂರ ಎರಡು ಪಟ್ಟು ಆದರೆ ಹೊಳಪು ನಾಲ್ಕನೇ ಒಂದಲ್ಲ, ಹದಿನಾರನೇ ಒಂದು. ನೆಪ್ಚೂನನ್ನೇ ಎತ್ತಿಕೊಂಡು ಹೋಗಿ 600 ಖಗೋಳಮಾನದಲ್ಲಿ ಇಟ್ಟರೆ ಈಗಿನದಕ್ಕಿಂತ 1,60,000 ಪಟ್ಟು ಮಂಕಾಗುತ್ತದೆ. "ದೂರ, ಮಂಕು" ಅಂತ ನೀವು ಮೊದಲು ಹೇಳಿದ್ದು ತಪ್ಪಲ್ಲ ಟೀಚರೇ. ಎಷ್ಟು ಮಂಕು ಅಂತ ಹೇಳಬೇಕಿತ್ತು, ಅಷ್ಟೇ.

ಉಡುಪಿ ರಥಬೀದಿ · ಸಂಜೆ 6:30

ಮಂಕಾದರೂ ದೊಡ್ಡ ಟೆಲಿಸ್ಕೋಪಿಗೆ ಬಿದ್ದರೆ ಗ್ರಹ ಅಂತ ಹೇಗೆ ಗೊತ್ತಾಗುತ್ತದೆ? ಸುತ್ತ ಕೋಟಿ ನಕ್ಷತ್ರ ಇರುತ್ತದಲ್ಲ?

ಕಾಪು ದೀಪಸ್ತಂಭ · ಸಂಜೆ 7:10

ಜಾಗ ಬದಲಾಯಿಸುವುದರಿಂದ. ಟೊಂಬಾ 1930ರ ಜನವರಿ 23 ಮತ್ತು 29ರಂದು ತೆಗೆದ ಎರಡು ಫೋಟೋ ಪ್ಲೇಟುಗಳನ್ನು ಒಂದಾದ ಮೇಲೆ ಒಂದು ಮಿಣಿಮಿಣಿ ಬದಲಾಯಿಸಿ ನೋಡಿದರು. ಎಲ್ಲ ಚುಕ್ಕಿ ನಿಂತಲ್ಲೇ ಇತ್ತು, ಒಂದು ಮಾತ್ರ ಹಾರಿತು. ಇವತ್ತಿಗೂ ಉಪಾಯ ಅದೇ, ಕೆಲಸ ಕಂಪ್ಯೂಟರ್ ಮಾಡುತ್ತದೆ.

500 ಖಗೋಳಮಾನ ದೂರದ ಗ್ರಹ ತಾನಾಗಿ ಚಲಿಸುವುದು ವರ್ಷಕ್ಕೆ ಎರಡು ಕಲೆ (ಒಂದು ಡಿಗ್ರಿಯಲ್ಲಿ 60 ಕಲೆ). ಹುಣ್ಣಿಮೆ ಚಂದ್ರನ ಅಗಲ ದಾಟಲು 15–16 ವರ್ಷ ಬೇಕು. ಆದರೆ ನಾವು ನಿಂತ ಭೂಮಿ ಸೂರ್ಯನ ಸುತ್ತ ಹೋಗುತ್ತದಲ್ಲ, ಅದರಿಂದ ಆರು ತಿಂಗಳಲ್ಲಿ ಅದು ಚಂದ್ರನ ಅರ್ಧ ಅಗಲ ಆಚೀಚೆ ಸರಿದ ಹಾಗೆ ಕಾಣುತ್ತದೆ. ಬಸ್ಸಿನ ಕಿಟಕಿಯಿಂದ ನೋಡುವಾಗ ಹತ್ತಿರದ ತೆಂಗಿನ ಮರ ಓಡುತ್ತದೆ, ಗುಡ್ಡ ನಿಂತಿರುತ್ತದೆ. ಹಾಗೆಯೇ.

ಈ ವರ್ಷ ಒಂದು ಸುದ್ದಿ ಬಂದಿತ್ತು. ತೈವಾನಿನ ಸಂಶೋಧಕರು 1983ರ ಐರಾಸ್ ಮತ್ತು 2006ರ ಅಕಾರಿ ಎಂಬ ಎರಡು ಉಪಗ್ರಹಗಳ ಹಳೆಯ ದಾಖಲೆ ಹೋಲಿಸಿ, 23 ವರ್ಷದಲ್ಲಿ ಸರಿದಿರಬಹುದಾದ ಒಂದು ಚುಕ್ಕಿ ತೋರಿಸಿದರು. ಅದು ಒಂದೇ ಕಾಯ ಆಗಿದ್ದರೆ ಅದರ ಕಕ್ಷೆ ಉಲ್ಟಾ ವಾಲಿರಬೇಕು, ನಾವು ಹೇಳಿದ ಗ್ರಹಕ್ಕೆ ಅದು ಹೊಂದುವುದಿಲ್ಲ ಅಂತ ಬ್ರೌನ್ ಅವರೇ ಹೇಳಿದರು. ತನ್ನ ಗ್ರಹ ಸಿಕ್ಕಿತು ಅಂತ ಹಾರಿ ಬೀಳಲಿಲ್ಲ. ನನಗೆ ಅದು ದೊಡ್ಡ ಗುಣ.

ಪೆನ್ಷನ್ ಖಾತೆ · ರಾತ್ರಿ 8:00

ಇನ್ನೊಂದು ಸಂಗತಿ. ಗೆಲಿಲಿಯೊ 1612ರ ಡಿಸೆಂಬರಿನಲ್ಲಿ ಗುರುವನ್ನು ನೋಡುತ್ತಾ ಪಕ್ಕದಲ್ಲಿ ಒಂದು ಚುಕ್ಕಿ ಬರೆದಿಟ್ಟಿದ್ದರು. ಅದು ನೆಪ್ಚೂನ್! ಜನವರಿಯಲ್ಲಿ ಮತ್ತೆ ಕಂಡರು, ಪಕ್ಕದ ನಕ್ಷತ್ರದಿಂದ ಮೊದಲಿಗಿಂತ ದೂರ ಕಾಣುತ್ತದೆ ಅಂತ ಗುರುತೂ ಹಾಕಿದರು. ಅಲ್ಲಿಗೆ ಬಿಟ್ಟರು. 233 ವರ್ಷ ಅದು ನೋಟ್‌ಬುಕ್ಕಿನಲ್ಲೇ ಇತ್ತು. 1846ರಲ್ಲೂ ಗಾಲೆಗಿಂತ ಮುಂಚೆ ಕೇಂಬ್ರಿಡ್ಜ್‌ನ ಚಾಲಿಸ್ ಎರಡು ಸಲ ಕಂಡಿದ್ದರು, ಗೊತ್ತಾಗಲಿಲ್ಲ. ಒಂಬತ್ತನೇ ಗ್ರಹ ನಿಜವಾಗಿ ಇದ್ದರೆ ಈಗಾಗಲೇ ಯಾವುದಾದರೂ ಫೋಟೋದಲ್ಲಿ ಕೂತಿರಬಹುದು ಅಂತ ನನಗೆ ಅನಿಸುತ್ತದೆ.

ಪಡುಬಿದ್ರಿ ಗಾಳಿ · ರಾತ್ರಿ 8:12

ಹುಡುಕದೆ ಬಿಟ್ಟ ಜಾಗ ಇನ್ನು ಎಷ್ಟು ಉಳಿದಿದೆ? ಯಾರಾದರೂ ಲೆಕ್ಕ ಇಟ್ಟಿದ್ದಾರಾ?

ಮಣಿಪಾಲ ಹಾಸ್ಟೆಲ್ · ರಾತ್ರಿ 8:35

ಇಟ್ಟಿದ್ದಾರೆ. ಝ್ವಿಕಿ, ಡಾರ್ಕ್ ಎನರ್ಜಿ ಸರ್ವೆ, ಪ್ಯಾನ್‌ಸ್ಟಾರ್ಸ್ ಎಂಬ ಮೂರು ಆಕಾಶ ಸಮೀಕ್ಷೆಗಳ ದಾಖಲೆ ಜಾಲಾಡಿ, ಗ್ರಹ ಇರಬಹುದಾದ ಸಾಧ್ಯತೆಗಳಲ್ಲಿ ಶೇ 78ನ್ನು ಹೊಡೆದುಹಾಕಿದ್ದಾರೆ. ಉಳಿದ ಶೇ 22ರಲ್ಲಿ ಹೆಚ್ಚಿನದು ತೀರಾ ಮಂಕಾದದ್ದು ಅಥವಾ ಆಕಾಶಗಂಗೆಯ ಗಿಜಿಗಿಜಿಯಲ್ಲಿ ಇರುವಂಥದ್ದು. ಅದನ್ನು ನೋಡಲು ಈಗ ಚಿಲಿ ದೇಶದ ವೆರಾ ರೂಬಿನ್ ವೀಕ್ಷಣಾಲಯ ತಯಾರಾಗಿದೆ. 8.4 ಮೀಟರ್ ಕನ್ನಡಿ, 3200 ಮೆಗಾಪಿಕ್ಸೆಲ್ ಕ್ಯಾಮೆರಾ. ಒಂದು ಫೋಟೋದಲ್ಲಿ 40ಕ್ಕೂ ಹೆಚ್ಚು ಹುಣ್ಣಿಮೆ ಚಂದ್ರರು ಹಿಡಿಸುವಷ್ಟು ಆಕಾಶ. ಜೂನ್ 23ರಂದು ಮೊದಲ ಚಿತ್ರ ಬಂತು. ದಕ್ಷಿಣದ ಆಕಾಶವನ್ನು ಮತ್ತೆ ಮತ್ತೆ, ಹತ್ತು ವರ್ಷ ನೋಡುತ್ತದೆ.

ಮಲ್ಪೆ ಬಂದರು · ರಾತ್ರಿ 8:50

ಅಂದರೆ ಈ ಸಲ ಬಲೆ ಕಡಲು ಇಡೀ ಹಾಕುತ್ತಾರೆ. ಹಾಗಾದರೆ ನನ್ನ ಸಂಶಯಕ್ಕೂ ಉತ್ತರ ಸಿಗುತ್ತದೆ.

ಪಡುಬಿದ್ರಿ ಗಾಳಿ · ರಾತ್ರಿ 8:58

ಅದರಲ್ಲೂ ಸಿಗದಿದ್ದರೆ?

ಮಣಿಪಾಲ ಹಾಸ್ಟೆಲ್ · ರಾತ್ರಿ 9:04

ಆಗ ನೀವು ಹೇಳಿದ್ದು ಸರಿ ಅಂತ ನಾನೇ ಇಲ್ಲಿ ಬಂದು ಬರೆಯುತ್ತೇನೆ. ಮಾತು ಕೊಟ್ಟೆ. ಗ್ರಹ ಅಲ್ಲ, ಕಪ್ಪುರಂಧ್ರ ಇರಬಹುದು ಅಂತ 2019ರಲ್ಲಿ ಶೋಲ್ಟ್ಸ್ ಮತ್ತು ಅನ್ವಿನ್ ಬರೆದದ್ದೂ ಉಂಟು. ಭೂಮಿಯ ಐದು ಪಟ್ಟು ತೂಕ, ಗಾತ್ರ ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ದೊಡ್ಡದು. ಅದಾದರೆ ಯಾವ ಕ್ಯಾಮೆರಾಕ್ಕೂ ಬೀಳುವುದಿಲ್ಲ. ನನಗೆ ಅದು ನಂಬುವ ಹಾಗೆ ಅನಿಸುವುದಿಲ್ಲ.

ಬಂಟ್ವಾಳ ಪೇಟೆ · ರಾತ್ರಿ 9:20

ನಾವು ಇಲ್ಲಿ ಕೂತು ಮಾಡುವಂಥದ್ದು ಏನಾದರೂ ಉಂಟಾ?

ಕಾಪು ದೀಪಸ್ತಂಭ · ರಾತ್ರಿ 9:45

ಉಂಟು. 2017ರಲ್ಲಿ "ಬ್ಯಾಕ್‌ಯಾರ್ಡ್ ವರ್ಲ್ಡ್ಸ್: ಪ್ಲಾನೆಟ್ 9" ಅಂತ ಶುರುವಾಯಿತು. ನಾಸಾದ ವೈಸ್ ಉಪಗ್ರಹ ತೆಗೆದ ಚಿತ್ರಗಳನ್ನು ಮನೆಯಲ್ಲೇ ಕಂಪ್ಯೂಟರಿನಲ್ಲಿ ಮಿಣಿಮಿಣಿ ಮಾಡಿ, ಹಾರುವ ಚುಕ್ಕಿ ಹುಡುಕುವುದು. ಟೊಂಬಾ ಮಾಡಿದ್ದೇ ಕೆಲಸ. ಗ್ರಹ ಸಿಕ್ಕಿಲ್ಲ, ಆದರೆ ಸಾಮಾನ್ಯ ಜನ ಕೂತು ಎಷ್ಟೋ ಕಂದು ಕುಬ್ಜಗಳನ್ನು (ನಕ್ಷತ್ರ ಆಗುವಷ್ಟು ತೂಕ ಇಲ್ಲದ ಕಾಯಗಳನ್ನು) ಹಿಡಿದಿದ್ದಾರೆ.

ನಮ್ಮ ಊರಿನಿಂದ ಸ್ವಂತ ಟೆಲಿಸ್ಕೋಪಿನಲ್ಲಿ ಈ ಗ್ರಹ ಸಿಗುವುದಿಲ್ಲ. ನನ್ನದು 8 ಇಂಚಿನದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಆಮೇಲೆ ಕಡಲ ತೇವ. ಎರಡು ವರ್ಷದ ಹಿಂದೆ ಐಪೀಸಿಗೆ ಫಂಗಸ್ ಬಂದು ಒಂದು ಹಾಳಾಯಿತು. ಈಗ ಅಕ್ಕಿ ಡಬ್ಬದ ಹಾಗೆ ಗಾಳಿ ಹೋಗದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಕರಾವಳಿಯಲ್ಲಿ ಲೆನ್ಸ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಮರೆಯಬೇಡಿ.

ಆದರೆ ನೆಪ್ಚೂನ್ ಸಿಗುತ್ತದೆ! ಈಗ ಅದು ಶನಿಯಿಂದ ಸುಮಾರು ನಾಲ್ಕು ಡಿಗ್ರಿ ಆಚೆ ಉಂಟು. ಒಳ್ಳೆಯ ಬೈನಾಕ್ಯುಲರಿನಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಟೀಚರೇ, 20ನೇ ತಾರೀಕು ಶನಿವಾರ, ಅಮಾವಾಸ್ಯೆಯ ಮರುದಿನ. ಕತ್ತಲು ಚೆನ್ನಾಗಿರುತ್ತದೆ. ಆ ಹುಡುಗಿಯನ್ನು, ಅವಳ ಅಪ್ಪ ಅಮ್ಮನನ್ನು ಕರೆದುಕೊಂಡು ಕಾಪುವಿಗೆ ಬನ್ನಿ. ನಮ್ಮ ಮನೆಯ ಹಿಂದೆ ಗದ್ದೆ ಉಂಟು, ಬೀದಿ ದೀಪ ಇಲ್ಲ. ಏಳು ಗಂಟೆಗೆ ಶನಿ ಎತ್ತರದಲ್ಲಿರುತ್ತದೆ.

ಕದ್ರಿ ಟೀಚರ್ · 15 ಡಿಸೆಂಬರ್, ಸಂಜೆ 4:50

ಕ್ಲಾಸು ಮುಗಿಸಿ ಬಂದೆ. ಬಸ್ಸು, ಬಲೆ, ವೋಚರು, ಬೊಂಡ ಎಲ್ಲ ಹೇಳಿದೆ. ಬೆಲ್ ಹೊಡೆದ ಮೇಲೂ ಯಾರೂ ಎದ್ದು ಹೋಗಲಿಲ್ಲ. ಕ್ಲಾಸು ಎರಡು ಪಕ್ಷ ಆಗಿದೆ, 23 ಮಕ್ಕಳು ಗ್ರಹ ಉಂಟು ಅಂದರು, 18 ಮಕ್ಕಳು ಇಲ್ಲ ಅಂದರು. ಪ್ರಶ್ನೆ ಕೇಳಿದ ಹುಡುಗಿ ಯಾವ ಕಡೆಗೂ ಕೈ ಎತ್ತಲಿಲ್ಲ. ಯಾಕೆ ಅಂದರೆ "ಚಿಲಿಯವರು ನೋಡಲಿ, ಆಮೇಲೆ ಹೇಳುತ್ತೇನೆ" ಅಂದಳು. ಶನಿವಾರ ಅವಳ ಮನೆಯವರೂ ಬರುತ್ತಾರೆ.

ಕದ್ರಿ ಟೀಚರ್ · 20 ಡಿಸೆಂಬರ್, ರಾತ್ರಿ 11:15

ಈಗ ಮನೆಗೆ ಬಂದೆವು. ಕಾಪುವಿನ ಅಣ್ಣನಿಗೂ, ಅತ್ತಿಗೆ ಕೊಟ್ಟ ಕಾಫಿಗೂ ತುಂಬ ಉಪಕಾರ. ಶನಿಯ ಉಂಗುರ ಈ ವರ್ಷ ಸೂಜಿಯ ಹಾಗೆ ತೆಳ್ಳಗೆ ಕಾಣುತ್ತದೆ. ನೆಪ್ಚೂನ್ ಒಂದು ಚುಕ್ಕಿ, ಸ್ವಲ್ಪ ನೀಲಿ. ಹುಡುಗಿ ಅದನ್ನು ಹತ್ತು ನಿಮಿಷ ಬಿಡದೆ ನೋಡಿದಳು. ಆಮೇಲೆ ನೋಟ್‌ಬುಕ್ ತೆಗೆದು ಸುತ್ತಲಿನ ನಕ್ಷತ್ರ ಎಲ್ಲ ಗುರುತು ಹಾಕಿ ತಾರೀಕು, ಗಂಟೆ ಬರೆದಳು. ಯಾಕೆ ಅಂತ ಕೇಳಿದೆ. "ಗೆಲಿಲಿಯೊ ಎರಡು ಸಲ ನೋಡಿ ಬಿಟ್ಟರಲ್ಲ ಟೀಚರ್, ನಾನು ಮೂರನೇ ಸಲವೂ ನೋಡುತ್ತೇನೆ" ಅಂದಳು.

ಕಾಪು ದೀಪಸ್ತಂಭ · ರಾತ್ರಿ 11:30

ಫೆಬ್ರವರಿ 20ರ ಹೊತ್ತಿಗೆ ಶನಿ ನೆಪ್ಚೂನಿನಿಂದ ಒಂದು ಡಿಗ್ರಿಯೊಳಗೆ ಬರುತ್ತದೆ. ಆದರೆ ಅಷ್ಟರಲ್ಲಿ ಎರಡೂ ಸಂಜೆಯ ಹೊತ್ತಿಗೇ ಕಡಲಿನ ಕಡೆ ತಗ್ಗಿರುತ್ತವೆ, ನೆಪ್ಚೂನ್ ಸಿಗುವುದು ಕಷ್ಟ. ಜನವರಿ 17, 18ರ ಅಮಾವಾಸ್ಯೆಗೆ ಬನ್ನಿ. ನೋಟ್‌ಬುಕ್ ತರಲು ಹೇಳಿ.

ಪಡುಬಿದ್ರಿ ಗಾಳಿ · ರಾತ್ರಿ 11:34

ನಾನೂ ಬರಬಹುದಾ? ಹತ್ತಿರವೇ ಉಂಟು.

ಕಾಪು ದೀಪಸ್ತಂಭ · ರಾತ್ರಿ 11:36

ಬನ್ನಿ ಮಾರಾಯ್ರೇ, ಕೇಳಬೇಕಾ?